ಒಂದು ನಿವೇಶನಕ್ಕೆ ಒಂದೇ ಮನೆಯೆ?



ಮಲ್ಲೇಶ್ವರದಲ್ಲಾಗಲಿ, ಬಸವನಗುಡಿಯಲ್ಲಾಗಲಿ, ಮೈಸೂರಿನ ಯಾವುದಾದರೊಂದು ಮೊಹಲ್ಲದಲ್ಲಾಗಲಿ ಸಂಚರಿಸುವವರಿಗೆ ತೀರ ಪರಿಚಿತವಾದ ದೃಶ್ಯವೊಂದುಂಟು. ಮನೆಯ ಯಜಮಾನರು ಕೆಳಗಿನ ಅಂತಸ್ತಿನಲ್ಲಿ ವಾಸವಾಗಿರುತ್ತಾರೆ. ಮಹಡಿಯ ಮೇಲೆ ಒಂದು ಬಾಡಿಗೆಯ ಸಂಸಾರ. ಹಿತ್ತಿಲಿನ ಕಡೆ ಎರಡು ಕೋಣೆಗಳ ಬಿಡಾರದಲ್ಲಿ ಮತ್ತೊಂದು ಸಂಸಾರ, ಇಲ್ಲವೆ ಪರವೂರಿನಿಂದ ಓದಲು ಬಂದ ಇಬ್ಬರು ಹುಡುಗರು. ಇದರಲ್ಲಿ ನಮಗೆ ವಿಶೇಷವೇನೂ ತೋರುವುದಿಲ್ಲ. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅನೇಕ ದೊಡ್ಡ ನಗರಗಳಲ್ಲಿ, ಜನರು ವಾಸಮಾಡುವ ಬೀದಿಗಳ ಪೈಕಿ ಮುಕ್ಕಾಲು ಪಾಲಿನಲ್ಲಿ, ಇಂತಹ ಮನೆಯನ್ನು ಹೊಸದಾಗಿ ಕಟ್ಟುವುದು ಇತ್ತೀಚಿನವರೆಗೂ ಕಾಯಿದೆಗೆ ವಿರುದ್ಧವಾಗಿತ್ತು. ಹಲವು ಕಡೆ ಈಗಲೂ ವಿರುದ್ಧವಾಗಿಯೇ ಇದೆ. ಸ್ವಾತಂತ್ರ್ಯಕ್ಕೆ ಹೆಸರಾದ ದೇಶದಲ್ಲಿ ಒಬ್ಬ ಗೃಹಸ್ಥನು ತನ್ನ ಸ್ವಂತ ನಿವೇಶನದ ಮೇಲೆ ಎರಡನೆಯ ಒಲೆಯನ್ನು ಹೂಡಿ ಮತ್ತೊಂದು ಕುಟುಂಬಕ್ಕೆ ನೆಲೆ ಕೊಡುವುದು ಏಕೆ ಅಪರಾಧವಾಯಿತು, ಅದನ್ನು ಈಗ ಏಕೆ ತಿದ್ದುತ್ತಿದ್ದಾರೆ, ತಿದ್ದಿದ ಕಡೆ ಫಲವೇನಾಯಿತು ಎಂಬ ಮೂರು ಪ್ರಶ್ನೆಗಳನ್ನು ಇಂದು ತಮ್ಮ ಮುಂದೆ ವಿಚಾರಮಾಡಲು ಬಯಸುತ್ತೇನೆ.

ನಗರದ ಭೂಮಿಯನ್ನು ವಲಯಗಳಾಗಿ ವಿಭಾಗಿಸಿ, ಇಲ್ಲಿ ಕಾರ್ಖಾನೆ, ಇಲ್ಲಿ ಅಂಗಡಿ, ಇಲ್ಲಿ ವಾಸದ ಮನೆ ಎಂದು ಗೊತ್ತುಪಡಿಸುವ ಪದ್ಧತಿಗೆ ಅವರು ಜೋನಿಂಗ್ ಎನ್ನುತ್ತಾರೆ. ನಾವು ವಲಯ ನಿಬಂಧನೆ ಎನ್ನಬಹುದು. ಈ ಪದ್ಧತಿ ಹುಟ್ಟಿದ್ದು ಕೆಟ್ಟ ಉದ್ದೇಶದಿಂದ ಮಾತ್ರವೇ ಎಂದು ಹೇಳಿದರೆ ಅನ್ಯಾಯವಾದೀತು. ಚರ್ಮ ಹದಮಾಡುವ ಕಾರ್ಖಾನೆಯ ಪಕ್ಕದಲ್ಲಿ ಮಕ್ಕಳ ಶಾಲೆ ಇರಬಾರದೆಂಬುದನ್ನು ಯಾರು ಒಪ್ಪುವುದಿಲ್ಲ? ನ್ಯೂಯಾರ್ಕ್ ನಗರದಲ್ಲಿ ೧೯೧೫ರಲ್ಲಿ ಈಕ್ವಿಟಬಲ್ ಕಟ್ಟಡವೆಂಬ ಮಹಾಸೌಧವು ಎದ್ದು ನಿಂತು, ಸುತ್ತಣ ಬೀದಿಗಳ ಮೇಲೆ ತನ್ನ ನೆರಳನ್ನು ಹಾಸಿತು. ಬಿಸಿಲು ಗಾಳಿಗಳೂ ಸಾರ್ವಜನಿಕರ ಸೊತ್ತೆಂಬ ಅರಿವು ಆಗ ಮೂಡಿತು. ಮರುವರ್ಷವೇ, ಎಂದರೆ ೧೯೧೬ರಲ್ಲಿ, ಆ ನಗರವು ತನ್ನ ಸಮಗ್ರ ವಲಯ ನಿಬಂಧನೆಗಳನ್ನು ಜಾರಿಗೆ ತಂದಿತು. ಕಟ್ಟಡವು ಎತ್ತರಕ್ಕೆ ಹೋದಂತೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯಬೇಕೆಂದು ಅದು ವಿಧಿಸಿತು.

ಅದೇ ೧೯೧೬ರಲ್ಲಿ ಅಮೆರಿಕದ ಪಶ್ಚಿಮ ತೀರದ ಬರ್ಕ್‌ಲಿ ಎಂಬ ವಿದ್ಯಾಪಟ್ಟಣದಲ್ಲಿ ಇನ್ನೊಂದು ಬಗೆಯ ನಿಬಂಧನೆ ಹುಟ್ಟಿತು. ಅದು ಕಾರ್ಖಾನೆಯನ್ನು ಮನೆಯಿಂದ ಬೇರ್ಪಡಿಸಿದುದಷ್ಟೇ ಅಲ್ಲದೆ, ಒಂದು ಬಗೆಯ ಮನೆಯನ್ನು ಮತ್ತೊಂದು ಬಗೆಯ ಮನೆಯಿಂದಲೂ ಬೇರ್ಪಡಿಸಿತು. ಕೆಲವು ಭಾಗಗಳಲ್ಲಿ ಒಂದು ನಿವೇಶನದ ಮೇಲೆ ಒಂದು ಕುಟುಂಬಕ್ಕಾಗಿ ಒಂದೇ ಬಿಡಿಮನೆ ಇರತಕ್ಕದ್ದು. ಜೋಡಿಮನೆಯಾಗಲಿ ಸಾಲುಮನೆಯಾಗಲಿ ನಾಲ್ಕು ಸಂಸಾರಗಳ ಮಹಡಿಮನೆಯಾಗಲಿ ಕೂಡದು. ಇದನ್ನು ಏಕಕುಟುಂಬ ವಲಯವೆಂದು ಕರೆಯೋಣ. ಇಂದಿನ ನಮ್ಮ ವಿಚಾರವೆಲ್ಲ ಈ ಒಂದು ವಲಯದ ಸುತ್ತಲೇ ತಿರುಗತಕ್ಕದ್ದು.

ಈ ನಿಬಂಧನೆಯ ಹಿನ್ನೆಲೆಯಲ್ಲಿ ವರ್ಣದ್ವೇಷದ ಕಥೆಯೊಂದಿದೆ. ೧೯೧೦ರಲ್ಲಿ ಬಾಲ್ಟಿಮೋರ್ ನಗರವು ಬಿಳಿಯರೇ ಹೆಚ್ಚಾಗಿರುವ ಬೀದಿಗೆ ಕರಿಯರೂ, ಕರಿಯರೇ ಹೆಚ್ಚಾಗಿರುವ ಬೀದಿಗೆ ಬಿಳಿಯರೂ ವಾಸಕ್ಕೆ ಹೋಗಕೂಡದೆಂದು ನೇರವಾಗಿಯೇ ಕಾಯಿದೆ ಮಾಡಿತು. ಬೇರೆ ಕೆಲವು ನಗರಗಳು ಅದನ್ನು ಅನುಸರಿಸಿದುವು. ಲೂಯಿವಿಲ್ ನಗರದ ಅಂತಹದೊಂದು ಕಾಯಿದೆಯನ್ನು ೧೯೧೭ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ರದ್ದುಗೊಳಿಸಿತು. ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಗಾಳಿ ನಿಲ್ಲುವುದಿಲ್ಲ, ಸಂದಿಯನ್ನು ಹುಡುಕುತ್ತದೆ. ಮೈಬಣ್ಣವನ್ನು ಹೆಸರಿಸಿ ತಡೆಯುವುದು ಸಾಧ್ಯವಿಲ್ಲವಾದಾಗ, ಕ್ರಯಪತ್ರಗಳಲ್ಲಿಯೇ ಇಂಥವರಿಗೆ ಈ ಮನೆಯನ್ನು ಮಾರಕೂಡದೆಂಬ ಷರತ್ತನ್ನು ಬರೆಯುವ ಪದ್ಧತಿ ಬೆಳೆಯಿತು. ಅದರ ಜೊತೆಗೆ, ಮನೆಯ ಬೆಲೆಯನ್ನು ಎತ್ತರದಲ್ಲಿಡುವ ನಿಬಂಧನೆಗಳೂ ಹರಡಿದುವು. ಬಡವನ ಕೈಗೆಟುಕುವ ಮನೆಯನ್ನೇ ಕಟ್ಟಗೊಡದಿದ್ದರೆ ಬಡವನನ್ನು ಹೆಸರು ಹಿಡಿದು ತಡೆಯುವ ಅಗತ್ಯವೇ ಬೀಳುವುದಿಲ್ಲವಷ್ಟೆ. ಕ್ರಯಪತ್ರದ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ೧೯೪೮ರಲ್ಲಿ ತೀರ್ಪಾಯಿತು; ೧೯೬೮ರ ಕಾಯಿದೆ ವಸತಿಯಲ್ಲಿ ವರ್ಣಭೇದವನ್ನು ನಿಷೇಧಿಸಿತು. ವಲಯ ನಿಬಂಧನೆ ಮಾತ್ರ ಉಳಿದುಕೊಂಡಿತು.

ಅದು ಉಳಿಯಲು ಕಾರಣವಾದ ತೀರ್ಪು ೧೯೨೬ರದು. ಕ್ಲೀವ್‌ಲೆಂಡ್ ನಗರದ ನೆರೆಯಲ್ಲಿ ಯೂಕ್ಲಿಡ್ ಎಂಬ ಚಿಕ್ಕ ಊರು. ಅಲ್ಲಿ ಅಂಬ್ಲರ್ ಎಂಬ ಭೂವ್ಯಾಪಾರದ ಕಂಪನಿಗೆ ೬೮ ಎಕರೆ ಜಮೀನಿತ್ತು. ೧೯೨೨ರಲ್ಲಿ ಊರಿನ ಸಭೆಯು ವಲಯಗಳನ್ನು ಗೊತ್ತುಮಾಡಿದುದರಿಂದ ತನ್ನ ಜಮೀನಿನ ಬೆಲೆ ಇಳಿಯಿತೆಂದು ಕಂಪನಿ ದಾವೆ ಹೂಡಿತು. ಸರ್ವೋಚ್ಚ ನ್ಯಾಯಾಲಯದ ಆರು ಮಂದಿ ನ್ಯಾಯಾಧೀಶರು ಊರಿನ ಪಕ್ಷವನ್ನೂ ಮೂವರು ಕಂಪನಿಯ ಪಕ್ಷವನ್ನೂ ಹಿಡಿದರು. ತೀರ್ಪನ್ನು ಬರೆದ ನ್ಯಾಯಮೂರ್ತಿ ಸದರ್‌ಲೆಂಡರು ಬಿಡಿಮನೆಗಳ ಬಡಾವಣೆಗೆ ಬಂದು ಸೇರುವ ಬಹುಕುಟುಂಬದ ಕಟ್ಟಡವನ್ನು ಪರಾವಲಂಬಿ ಜೀವಿಗೆ, ಬಂದಳಿಕೆಗೆ ಎಂದು ಬೇಕಾದರೆ ಹೇಳೋಣ, ಹೋಲಿಸಿದರು. ಆ ಕಟ್ಟಡದೊಳಗೆ ವಾಸಿಸುವವರೂ ಮನುಷ್ಯರೇ, ಅವರಿಗೂ ಮಕ್ಕಳುಂಟು, ಅವರಿಗೂ ಮರದ ನೆರಳು ಬೇಕು ಎಂಬ ಮಾತು ಆ ಹೋಲಿಕೆಯಲ್ಲಿ ಮರೆಯಾಯಿತು. ಅಲ್ಲಿಂದ ಮುಂದೆ ಈ ಪದ್ಧತಿಗೆ ರಾಜಮಾರ್ಗವೇ ತೆರೆಯಿತು. ವಾಣಿಜ್ಯ ಮಂತ್ರಿಯಾಗಿದ್ದ ಹರ್ಬರ್ಟ್ ಹೂವರರ ಇಲಾಖೆಯು ಸಂಸ್ಥಾನಗಳ ಉಪಯೋಗಕ್ಕಾಗಿ ಒಂದು ಮಾದರಿ ಶಾಸನವನ್ನು ಸಿದ್ಧಪಡಿಸಿ ಹಂಚಿದ್ದಿತು. ಎರಡನೆಯ ಮಹಾಯುದ್ಧದ ತರುವಾಯ ಮೋಟಾರು ಕಾರೂ ಹೆದ್ದಾರಿಯೂ ಬಂದು, ನಗರಗಳ ಹೊರವಲಯದಲ್ಲೆಲ್ಲ ಬಿಡಿಮನೆಗಳ ಬಡಾವಣೆಗಳು ಹರಡಿದುವು.

ಎಷ್ಟರ ಮಟ್ಟಿಗೆ ಹರಡಿದುವೆಂಬುದಕ್ಕೆ ಅಂಕಿಗಳುಂಟು. ೨೦೧೯ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ, ವಾಸದ ಮನೆಗಳಿಗೆಂದು ಮೀಸಲಾದ ಭೂಮಿಯಲ್ಲಿ ಏಕಕುಟುಂಬದ ಬಿಡಿಮನೆಗೆ ಮಾತ್ರವೇ ಅವಕಾಶವಿದ್ದ ಭಾಗವು ಲಾಸ್ ಏಂಜಲೀಸಿನಲ್ಲಿ ನೂರಕ್ಕೆ ೭೫, ಪೋರ್ಟ್‌ಲೆಂಡಿನಲ್ಲಿ ೭೭, ಸಿಯಾಟಲಿನಲ್ಲಿ ೮೧, ಷಾರ್ಲಟ್ ನಗರದಲ್ಲಿ ೮೪. ನ್ಯೂಯಾರ್ಕಿನಲ್ಲಿ ಮಾತ್ರ ಅದು ೧೫. ಹೀಗಿರಲು, ಉಳಿದ ಸ್ವಲ್ಪ ಭೂಮಿಯಲ್ಲಿಯೇ ಉಳಿದವರೆಲ್ಲರೂ ಹಿಡಿಸಬೇಕಾಯಿತು. ಬೆಲೆ ಹೆಚ್ಚಿದ ಆ ತುಂಡು ಭೂಮಿಯ ಮೇಲೆ ಎತ್ತರವಾದ ದೊಡ್ಡ ಕಟ್ಟಡಗಳೇ ಎದ್ದುವು. ಬಿಡಿಮನೆಗೂ ಮಹಾಸೌಧಕ್ಕೂ ನಡುವಣ ಬಗೆಗಳಾದ ಜೋಡಿಮನೆ, ಮೂರು ಅಂತಸ್ತಿನಲ್ಲಿ ಮೂರು ಸಂಸಾರಗಳ ಮನೆ, ಅಂಗಳದ ಸುತ್ತ ಕೂಡಿಕೊಂಡ ಚಿಕ್ಕ ಮನೆಗಳ ಗುಂಪು, ಹಿತ್ತಿಲ ಬಿಡಾರ ಇವೆಲ್ಲ ಹಳೆಯ ಬೀದಿಗಳಲ್ಲಿ ಉಳಿದುವೇ ಹೊರತು ಹೊಸದಾಗಿ ಹುಟ್ಟಲಿಲ್ಲ. ಡೇನಿಯಲ್ ಪರೋಲೆಕ್ ಎಂಬ ವಾಸ್ತುಶಿಲ್ಪಿಯು ೨೦೧೦ರಲ್ಲಿ ಇವುಗಳಿಗೆ ಕಾಣೆಯಾದ ನಡುಬಗೆಯ ಮನೆಗಳು ಎಂಬರ್ಥದ ಹೆಸರಿಟ್ಟನು. ಹೆಸರು ಬಹಳ ಬೇಗ ಪ್ರಚಾರಕ್ಕೆ ಬಂದಿತು.

ಇದರಿಂದ ಯಾರಿಗೆ ಯಾವ ನಷ್ಟ ಎಂದು ಕೇಳಬಹುದು. ಮನುಷ್ಯನ ಆಯುಸ್ಸಿನಲ್ಲಿ ಎಲ್ಲ ಕಾಲದಲ್ಲಿಯೂ ಒಂದೇ ಅಳತೆಯ ಮನೆ ಸಲ್ಲುವುದಿಲ್ಲ. ಆಗ ತಾನೆ ಕೆಲಸಕ್ಕೆ ಸೇರಿದ ಉಪಾಧ್ಯಾಯಿನಿಗೆ ಒಂದು ಕೋಣೆ ಸಾಕು. ಮಕ್ಕಳಾದ ದಂಪತಿಗಳಿಗೆ ಮೂರು ಕೋಣೆ ಬೇಕು. ಮಕ್ಕಳು ದೂರ ಹೋದ ಮೇಲೆ ವೃದ್ಧೆಯೊಬ್ಬಳಿಗೆ ಐದು ಕೋಣೆಗಳ ಮನೆ ಗುಡಿಸಿ ಸಾರಿಸಲೂ ಆಗದ ಭಾರ. ಬೀದಿಯಲ್ಲಿ ನಾಲ್ಕಾರು ಬಗೆಯ ಮನೆಗಳಿದ್ದರೆ ಆಕೆ ತನ್ನ ದೇವಸ್ಥಾನವನ್ನೂ ತನ್ನ ವೈದ್ಯನನ್ನೂ ತನ್ನ ಗೆಳತಿಯರನ್ನೂ ಬಿಡದೆ ನಾಲ್ಕು ಬಾಗಿಲಿನಾಚೆಯ ಚಿಕ್ಕ ಮನೆಗೆ ಹೋಗಬಹುದು. ಒಂದೇ ಬಗೆಯ ಮನೆ ಇರುವ ಬಡಾವಣೆಯಲ್ಲಿ ಆಕೆಗೆ ಎರಡೇ ದಾರಿ: ಆ ದೊಡ್ಡ ಮನೆಯಲ್ಲಿಯೇ ಒಂಟಿಯಾಗಿರುವುದು, ಇಲ್ಲವೆ ಊರನ್ನೇ ಬಿಡುವುದು. ಆ ಬಡಾವಣೆಯ ಮಕ್ಕಳಿಗೆ ಪಾಠ ಹೇಳುವವರಿಗೂ, ರೋಗಿಗಳ ಶುಶ್ರೂಷೆ ಮಾಡುವ ದಾದಿಯರಿಗೂ, ಬೆಂಕಿ ಆರಿಸುವವರಿಗೂ ಅಲ್ಲಿ ಬಿಡಾರ ದೊರೆಯುವುದಿಲ್ಲ. ಬೆಳಗಾದರೆ ಬಂದು ಸೇವೆ ಮಾಡಿ ಸಂಜೆಯಾದರೆ ದೂರಕ್ಕೆ ತೆರಳಬೇಕು. ಅಲ್ಲದೆ, ಅಮೆರಿಕದಲ್ಲಿ ಸಾರ್ವಜನಿಕ ಪಾಠಶಾಲೆ ಸಾಮಾನ್ಯವಾಗಿ ವಾಸಸ್ಥಳವನ್ನು ಅನುಸರಿಸತಕ್ಕದ್ದು. ಆದಕಾರಣ ಮನೆ ದೊರೆಯದ ಬೀದಿಯ ಶಾಲೆಯೂ ಆ ಮಕ್ಕಳಿಗೆ ದೊರೆಯದು. ಒಂದು ನಿವೇಶನದ ಅಳತೆಯು ಹೀಗೆ ಒಂದು ಮಗುವಿನ ಮುಂದಿನ ಬಾಳನ್ನೇ ಅಳೆಯುವ ಕೋಲಾಗುತ್ತದೆ.

ಇದರಲ್ಲಿ ಲೆಕ್ಕಾಚಾರದ ಒಂದಂಶವೂ ಉಂಟು. ಊಹೆಗಾಗಿ ಒಂದು ನಿವೇಶನದ ಬೆಲೆ ಮೂರು ಲಕ್ಷ ಡಾಲರೆಂದು ಇಟ್ಟುಕೊಳ್ಳೋಣ. ಒಂದೇ ಮನೆ ಇರಬೇಕೆಂದರೆ ಆ ಮೂರು ಲಕ್ಷವನ್ನೂ ಒಂದೇ ಕುಟುಂಬ ಹೊರಬೇಕು. ಮೂರು ಮನೆಗಳಾದರೆ ತಲೆಗೆ ಒಂದು ಲಕ್ಷ. ಕಟ್ಟುವ ವೆಚ್ಚ ಬೇರೆ. ಅದು ಇದ್ದೇ ಇರುತ್ತದೆ. ಆದರೆ ಬೆಳೆಯುವ ನಗರದಲ್ಲಿ ಬೆಲೆ ಏರುವುದು ಇಟ್ಟಿಗೆಗಿಂತಲೂ ಮಣ್ಣಿಗೇ ಹೆಚ್ಚು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಎಚ್ಚರಿಸಿದಾಗ ಅವರ ಮನಸ್ಸಿನಲ್ಲಿದ್ದುದು ಕಟ್ಟುವ ಕಷ್ಟ. ಇಂದಿನ ಗೃಹಸ್ಥನು ಕಟ್ಟುವುದಕ್ಕೆ ಮೊದಲೇ ಮಣ್ಣಿನ ಬೆಲೆಗೆ ಬಸವಳಿಯುತ್ತಾನೆ.

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಈ ನಿಬಂಧನೆಯನ್ನು ತಿದ್ದುವ ಕಾರ್ಯದಲ್ಲಿ ಮುಂದಾಳಾದ ದೊಡ್ಡ ನಗರವೆಂದರೆ ಮಿನಿಯಾಪೊಲಿಸ್. ಅಲ್ಲಿಯ ಜನಸಂಖ್ಯೆ ಸುಮಾರು ನಾಲ್ಕು ಲಕ್ಷದ ಮೂವತ್ತು ಸಾವಿರ. ಅದರ ವಸತಿ ಭೂಮಿಯಲ್ಲಿ ನೂರಕ್ಕೆ ೭೦ ಪಾಲು ಏಕಕುಟುಂಬದ ವಲಯವಾಗಿತ್ತು. ಮಿನೆಸೋಟ ವಿಶ್ವವಿದ್ಯಾನಿಲಯದ ವಿದ್ವಾಂಸರು ಹಳೆಯ ಕ್ರಯಪತ್ರಗಳನ್ನು ಶೋಧಿಸಿ, ವರ್ಣದ ಷರತ್ತುಗಳಿದ್ದ ನಿವೇಶನಗಳನ್ನೆಲ್ಲ ನಕ್ಷೆಯ ಮೇಲೆ ಗುರುತಿಸತೊಡಗಿದರು. ತಮ್ಮ ಬೀದಿಯ ಅಂದಚೆಂದವು ತಾನಾಗಿಯೇ ಆದುದೆಂದು ನಂಬಿದ್ದ ಪೌರರು, ಅದರ ಹಿಂದೆ ಬರೆದ ಕೈಯೊಂದು ಇದ್ದುದನ್ನು ಕಣ್ಣಾರೆ ಕಂಡರು. ೨೦೧೮ರಲ್ಲಿ ನಗರವು ೨೦೪೦ರವರೆಗಿನ ತನ್ನ ಯೋಜನೆಯ ಕರಡನ್ನು ಹೊರಡಿಸಿತು. ಯಾವ ನಿವೇಶನದ ಮೇಲಾದರೂ ನಾಲ್ಕು ಮನೆಗಳವರೆಗೆ ಕಟ್ಟಬಹುದೆಂದು ಅದರಲ್ಲಿ ಸೂಚಿಸಲಾಗಿತ್ತು. ವಿರೋಧವು ಬಲವಾಗಿ ಎದ್ದಿತು. ನಮ್ಮ ಬಡಾವಣೆಯನ್ನು ಯಂತ್ರ ಹರಿಸಿ ಕೆಡವಬೇಡಿರೆಂಬ ಫಲಕಗಳು ಮನೆಗಳ ಅಂಗಳದಲ್ಲಿ ನಿಂತುವು. ಕೊನೆಗೆ ನಾಲ್ಕನ್ನು ಮೂರಕ್ಕೆ ಇಳಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ನಗರಸಭೆಯು ಒಂದಕ್ಕೆ ವಿರುದ್ಧವಾಗಿ ಹನ್ನೆರಡು ಮತಗಳಿಂದ ಯೋಜನೆಯನ್ನು ಅಂಗೀಕರಿಸಿತು. ೨೦೨೦ರ ಆರಂಭದಿಂದ ಹೊಸ ನಿಬಂಧನೆ ಜಾರಿಗೆ ಬಂದಿತು. ಪರಿಸರದ ಕಾಯಿದೆಯ ಆಧಾರದಿಂದ ದಾವೆ ಹೂಡಿದವರು ನ್ಯಾಯಾಲಯದಿಂದ ಯೋಜನೆಗೆ ತಡೆ ತಂದರು. ೨೦೨೪ರಲ್ಲಿ ಸಂಸ್ಥಾನದ ಶಾಸನಸಭೆಯೇ ಕಾಯಿದೆ ಮಾಡಿ ಆ ತೊಡಕನ್ನು ಬಿಡಿಸಬೇಕಾಯಿತು.

ಫಲವೇನಾಯಿತು? ೨೦೧೭ರಿಂದ ೨೦೨೨ರವರೆಗೆ ಮಿನಿಯಾಪೊಲಿಸಿನಲ್ಲಿ ಮನೆಗಳ ಸಂಖ್ಯೆ ನೂರಕ್ಕೆ ೧೨ರಂತೆ ಹೆಚ್ಚಿತೆಂದೂ, ಬಾಡಿಗೆ ನೂರಕ್ಕೆ ೧ರಷ್ಟು ಮಾತ್ರ ಏರಿತೆಂದೂ, ಆ ಸಂಸ್ಥಾನದ ಉಳಿದೆಡೆಗಳಲ್ಲಿ ಅದೇ ಅವಧಿಯಲ್ಲಿ ಬಾಡಿಗೆ ೧೪ರಷ್ಟು ಏರಿತೆಂದೂ ಪ್ಯೂ ಎಂಬ ದತ್ತಿಸಂಸ್ಥೆಯ ಪರಿಶೀಲನೆಯಿಂದ ತಿಳಿದುಬಂದಿದೆ. ಸುಧಾರಕರು ಈ ಅಂಕಿಗಳನ್ನು ಹಿಗ್ಗಿನಿಂದ ಉದಾಹರಿಸುತ್ತಾರೆ. ಆದರೆ ಇಲ್ಲಿ ನಾವು ಜಾಗರೂಕರಾಗಿರಬೇಕು. ಹೊಸ ಮನೆಗಳಲ್ಲಿ ಬಹುಪಾಲು ಮೂರು ಸಂಸಾರಗಳ ಚಿಕ್ಕ ಕಟ್ಟಡಗಳಾಗಿರಲಿಲ್ಲ; ಬಸ್ಸು ರೈಲುಗಳು ಓಡಾಡುವ ದೊಡ್ಡ ಬೀದಿಗಳ ಪಕ್ಕದಲ್ಲಿ ಎದ್ದ ದೊಡ್ಡ ಕಟ್ಟಡಗಳಾಗಿದ್ದುವು. ಅಂತಹ ಬೀದಿಗಳಲ್ಲಿ ಎತ್ತರವನ್ನು ಹೆಚ್ಚಿಸಿದುದೂ, ಪ್ರತಿಯೊಂದು ಮನೆಗೂ ಇಷ್ಟು ಕಾರುಗಳಿಗೆ ಸ್ಥಳ ಬಿಡಲೇಬೇಕೆಂಬ ನಿಯಮವನ್ನು ಹಂತಹಂತವಾಗಿ ಸಡಿಲಿಸಿ ೨೦೨೧ರಲ್ಲಿ ಪೂರ್ತಿಯಾಗಿ ತೆಗೆದುಹಾಕಿದುದೂ ಇದಕ್ಕೆ ಮುಖ್ಯ ಕಾರಣಗಳು. ಒಳಬೀದಿಗಳಲ್ಲಿ ಮೂರು ಮನೆ ಕಟ್ಟಬಹುದೆಂದು ಅನುಮತಿ ಕೊಟ್ಟರೂ ಕಟ್ಟಡದ ಒಟ್ಟು ಗಾತ್ರ ಮೊದಲಿನಷ್ಟೇ ಇರಬೇಕೆಂದುದರಿಂದ ಹೆಚ್ಚು ಜನ ಅದಕ್ಕೆ ಕೈಹಾಕಲಿಲ್ಲ. ಒಂದು ಕೈಯಿಂದ ಕೊಟ್ಟುದನ್ನು ಮತ್ತೊಂದು ಕೈಯಿಂದ ಹಿಂದಕ್ಕೆ ತೆಗೆದುಕೊಂಡಂತಾಯಿತು. ಪೋರ್ಟ್‌ಲೆಂಡ್ ನಗರವು, ಮನೆಗಳ ಸಂಖ್ಯೆ ಹೆಚ್ಚಿದಂತೆ ಕಟ್ಟಡದ ಗಾತ್ರಕ್ಕೂ ಸ್ವಲ್ಪ ಹೆಚ್ಚಿನ ಅವಕಾಶ ಕೊಡುವ ನಿಯಮವನ್ನು ೨೦೨೦ರಲ್ಲಿ ಮಾಡಿತು.

ಇತರ ಕಡೆಗಳಲ್ಲಿಯೂ ಈ ಗಾಳಿ ಬೀಸಿದೆ. ೨೦೧೯ರಲ್ಲಿ ಆರಿಗನ್ ಸಂಸ್ಥಾನವು ಹತ್ತು ಸಾವಿರಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಪಟ್ಟಣಗಳಲ್ಲೆಲ್ಲ ಜೋಡಿಮನೆಗೂ, ಇಪ್ಪತ್ತೈದು ಸಾವಿರಕ್ಕೆ ಮೇಲ್ಪಟ್ಟ ನಗರಗಳಲ್ಲಿ ನಾಲ್ಕು ಮನೆಗಳವರೆಗಿನ ಕಟ್ಟಡಗಳಿಗೂ ಸಾಲುಮನೆಗಳಿಗೂ ಎಡೆಗೊಡಬೇಕೆಂದು ಶಾಸನ ಮಾಡಿತು. ಕ್ಯಾಲಿಫೋರ್ನಿಯವು ಮೊದಲು ಹಿತ್ತಿಲ ಬಿಡಾರಗಳ ಮೇಲಣ ಅಡ್ಡಿಗಳನ್ನು ಸಡಿಲಿಸಿ, ೨೦೨೧ರಲ್ಲಿ ಏಕಕುಟುಂಬದ ನಿವೇಶನವನ್ನು ಎರಡಾಗಿ ಸೀಳಿ ಮನೆ ಕಟ್ಟಲು ಅನುಮತಿಯಿತ್ತಿತು. ಏಕಕುಟುಂಬದ ವಲಯಕ್ಕೆ ತವರೂರೆನಿಸಿದ ಬರ್ಕ್‌ಲಿಯ ಸಭೆಯೂ ಅದೇ ೨೦೨೧ರಲ್ಲಿ, ತನ್ನ ಹಳೆಯ ಪದ್ಧತಿಯನ್ನು ಕೊನೆಗಾಣಿಸುವ ನಿರ್ಣಯವನ್ನು ಕೈಕೊಂಡಿತು. ವಲಯ ನಿಬಂಧನೆಯೇ ಇಲ್ಲದ ಹ್ಯೂಸ್ಟನ್ ನಗರದಲ್ಲಿಯೂ ಒಂದು ಅಡ್ಡಿಯಿತ್ತು: ನಿವೇಶನ ೫,೦೦೦ ಚದರ ಅಡಿಗೆ ಕಡಿಮೆ ಇರಕೂಡದು. ೧೯೯೮ರಲ್ಲಿ ನಗರದ ಒಳಭಾಗದಲ್ಲಿ ಅದನ್ನು ೧,೪೦೦ ಚದರ ಅಡಿಗೆ ಇಳಿಸಿದರು. ಒಂದು ಹಳೆಯ ಮನೆ ಇದ್ದ ಎಡೆಯಲ್ಲಿ ಮೂರು ಸಾಲುಮನೆಗಳು ಎದ್ದುವು. ಬದಲಾವಣೆ ಬೇಡವೆನ್ನುವ ಬೀದಿಯವರು ಒಟ್ಟುಗೂಡಿ ಅರ್ಜಿ ಸಲ್ಲಿಸಿ ತಮ್ಮ ಬೀದಿಗೆ ಹಳೆಯ ಅಳತೆಯನ್ನೇ ಉಳಿಸಿಕೊಳ್ಳಲೂ ಅಲ್ಲಿ ಮಾರ್ಗವುಂಟು. ಒಪ್ಪದವರನ್ನು ಒತ್ತಾಯಿಸದೆ ಒಪ್ಪಿದವರಿಗೆ ದಾರಿ ಬಿಡುವ ಈ ಉಪಾಯ ಗಮನಾರ್ಹವಾದುದು.

ಅತ್ಯಂತ ದೊಡ್ಡ ಪ್ರಯೋಗ ನಡೆದುದು ಅಮೆರಿಕದಲ್ಲಲ್ಲ, ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ. ೨೦೧೬ರಲ್ಲಿ ಅಲ್ಲಿಯ ವಸತಿ ಭೂಮಿಯ ಸುಮಾರು ಮುಕ್ಕಾಲು ಪಾಲಿನಲ್ಲಿ ಮೊದಲಿಗಿಂತ ಹೆಚ್ಚು ಮನೆಗಳನ್ನು ಕಟ್ಟಲು ಒಮ್ಮೆಗೇ ಅವಕಾಶವಾಯಿತು. ಮುಂದಿನ ಐದು ವರ್ಷಗಳಲ್ಲಿ ಈ ಬದಲಾವಣೆಯ ಫಲವಾಗಿಯೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಅನುಮತಿ ದೊರೆಯಿತೆಂದು ಆಕ್ಲೆಂಡ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿದ್ದಾರೆ. ಬಾಡಿಗೆಯ ಏರಿಕೆಯೂ ಇದರಿಂದ ಬಹಳ ಮಟ್ಟಿಗೆ ತಗ್ಗಿತೆಂಬುದು ಅವರ ಮತ. ಇವರ ಲೆಕ್ಕದ ಕ್ರಮವನ್ನು ಆಕ್ಷೇಪಿಸುವ ಅರ್ಥಶಾಸ್ತ್ರಜ್ಞರೂ ಇದ್ದಾರೆ. ವಾದ ಮುಗಿದಿಲ್ಲ. ಆದರೆ ನಗರದಲ್ಲಿ ಹೊಸ ಸಾಲುಮನೆಗಳು ಹೆಚ್ಚಾಗಿ ಎದ್ದುವೆಂಬುದರಲ್ಲಿ ವಿವಾದವಿಲ್ಲ.

ಇಷ್ಟು ಹೇಳಿದ ಮೇಲೆ ಪ್ರತಿಪಕ್ಷದವರ ಮಾತಿಗೂ ಕಿವಿಗೊಡಬೇಕಾದುದು ನ್ಯಾಯ. ಅವರ ಮೊದಲನೆಯ ಆಕ್ಷೇಪಣೆ ಬಿಸಿಲು, ಮರ, ನೀರು, ಚರಂಡಿಗಳನ್ನು ಕುರಿತದ್ದು. ಒಂದು ಸಂಸಾರಕ್ಕೆಂದು ಹಾಕಿದ ಕೊಳವೆ ಮೂರು ಸಂಸಾರಗಳಿಗೆ ಸಾಲುವುದೇ ಎಂದು ಅವರು ಕೇಳುತ್ತಾರೆ. ಇದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಆದರೆ ಊರಿನ ಹೊರಗೆ ಹತ್ತು ಮೈಲಿ ದೂರದಲ್ಲಿ ಹೊಸ ಬಡಾವಣೆ ಮಾಡಿದರೂ ಆ ಸಂಸಾರಗಳಿಗೆ ನೀರು ಬೇಕು. ಅಲ್ಲಿಗೆ ಹೊಸ ಕೊಳವೆ, ಹೊಸ ರಸ್ತೆ, ಹೊಸ ದೀಪದ ಕಂಬ ಎಲ್ಲವೂ ಬೇಕು. ಇದ್ದ ಕೊಳವೆಯನ್ನು ದೊಡ್ಡದು ಮಾಡುವುದೂ ಹೊಲಗದ್ದೆಗಳನ್ನು ನುಂಗಿ ಹೊಸದನ್ನು ಎಳೆಯುವುದೂ ಇವೆರಡನ್ನು ತಕ್ಕಡಿಯಲ್ಲಿಟ್ಟು ತೂಗಿಯೇ ತೀರ್ಮಾನಿಸಬೇಕು.

ಎರಡನೆಯ ಆಕ್ಷೇಪಣೆ ಬಡವರ ಪಕ್ಷದಿಂದ ಬರುವುದರಿಂದ ಇನ್ನೂ ಗಂಭೀರವಾದುದು. ಹೆಚ್ಚು ಮನೆ ಕಟ್ಟಬಹುದೆಂದರೆ ಭೂಮಿಯ ಬೆಲೆ ಏರುತ್ತದೆ; ಲಾಭ ಮಾರುವವನಿಗೆ; ಹಳೆಯ ಬಾಡಿಗೆದಾರನನ್ನು ಎಬ್ಬಿಸಿ ಹೊಸ ಕಟ್ಟಡ ಏಳುತ್ತದೆ ಎಂಬುದು ಅವರ ಭಯ. ಷಿಕಾಗೋ ನಗರದಲ್ಲಿ ರೈಲು ನಿಲ್ದಾಣಗಳ ಹತ್ತಿರ ಹೆಚ್ಚು ಕಟ್ಟಲು ಅವಕಾಶ ಕೊಟ್ಟಾಗ, ಮೊದಲ ಕೆಲವು ವರ್ಷಗಳಲ್ಲಿ ಸೊತ್ತಿನ ಬೆಲೆ ಏರಿತೇ ಹೊರತು ಹೊಸ ಕಟ್ಟಡಗಳು ಹೆಚ್ಚಲಿಲ್ಲವೆಂದು ೨೦೧೯ರಲ್ಲಿ ಯೋನಾ ಫ್ರೀಮಾರ್ಕ್ ಎಂಬ ಸಂಶೋಧಕರು ತೋರಿಸಿದರು. ಇದಕ್ಕೆ ಸಮಾಧಾನ ಎರಡು. ನಗರದ ಒಂದೆರಡು ತುಂಡುಗಳಲ್ಲಿ ಮಾತ್ರ ಅವಕಾಶ ಕೊಟ್ಟರೆ ಕೊಳ್ಳುವವರೆಲ್ಲ ಆ ತುಂಡಿಗೇ ಮುಗಿಬೀಳುತ್ತಾರೆ. ಆಕ್ಲೆಂಡಿನಂತೆ ಎಲ್ಲೆಡೆಯೂ ಕೊಟ್ಟರೆ ಯಾವ ಒಂದು ಬೀದಿಗೂ ಆ ಒತ್ತಡ ಬೀಳುವುದಿಲ್ಲ. ಎರಡನೆಯದಾಗಿ, ಅನುಮತಿಯೊಂದೇ ಮನೆ ಕಟ್ಟಿಕೊಡುವುದಿಲ್ಲ. ತೀರ ಬಡವರಿಗೆ ಸರ್ಕಾರದ ನೆರವಿಲ್ಲದೆ ಯಾವ ವಲಯದ ನಿಬಂಧನೆಯಿಂದಲೂ ಮನೆ ದೊರೆಯದು. ನಿಬಂಧನೆಯ ಸಡಿಲಿಕೆ ಬಾಗಿಲ ಅಗುಳಿಯನ್ನು ತೆಗೆದಂತೆ. ಒಳಗೆ ಬರಲಾರದವರನ್ನು ಕೈಹಿಡಿದು ಕರೆತರುವ ಕೆಲಸ ಬೇರೆ.

ಮೂರನೆಯದು ಬಡಾವಣೆಯ ಸ್ವಭಾವ ಕೆಡುತ್ತದೆಂಬ ಮಾತು. ತಾನು ಬಾಳಿದ ಬೀದಿ ತಾನು ಕಂಡಂತೆಯೇ ಉಳಿಯಬೇಕೆಂಬ ಆಸೆ ಮನುಷ್ಯಸಹಜವಾದುದು. ಅದನ್ನು ಹಾಸ್ಯ ಮಾಡಬಾರದು. ಆದರೆ ಜಪಾನನ್ನು ನೋಡಿ. ಅಲ್ಲಿ ವಲಯಗಳ ಬಗೆಗಳನ್ನು ಇಡೀ ದೇಶಕ್ಕೆ ಒಂದೇ ಕಾಯಿದೆ ಗೊತ್ತುಮಾಡುತ್ತದೆ. ಈಗ ಒಟ್ಟು ೧೩ ಬಗೆಗಳುಂಟು. ಅತ್ಯಂತ ಕಟ್ಟುನಿಟ್ಟಿನ ವಸತಿವಲಯದಲ್ಲಿಯೂ ಎತ್ತರಕ್ಕೆ ಮಿತಿಯಿದೆ, ನೆರಳಿಗೆ ಮಿತಿಯಿದೆ. ಆದರೆ ಒಳಗೆ ಒಂದೇ ಕುಟುಂಬವಿರಬೇಕೆಂಬ ಕಟ್ಟಳೆಯಿಲ್ಲ. ಮನೆಯ ಒಂದು ಭಾಗದಲ್ಲಿ ೫೦ ಚದರ ಮೀಟರಿಗೆ ಮೀರದ ಚಿಕ್ಕ ಅಂಗಡಿಯನ್ನೂ ಇಟ್ಟುಕೊಳ್ಳಬಹುದು. ಟೋಕಿಯೋ ನಗರದ ಒಳಬೀದಿಗಳು ಇದರಿಂದ ಗದ್ದಲದ ಸಂತೆಗಳಾಗಿಲ್ಲ. ಸದ್ದಿಲ್ಲದೆ ಬಾಳುವ ಓಣಿಗಳಾಗಿಯೇ ಉಳಿದಿವೆ. ಕಟ್ಟಡದ ಹೊರಗಿನ ಗಾತ್ರವನ್ನು ನಿಯಮಿಸುವುದು ನೆರೆಯವರ ಹಕ್ಕು. ಒಳಗೆ ಎಷ್ಟು ಒಲೆಗಳು ಹೊತ್ತುತ್ತವೆಂದು ಎಣಿಸುವುದು ಅವರ ಹಕ್ಕಲ್ಲ. ಈ ಎರಡನ್ನೂ ಬೇರ್ಪಡಿಸಿ ನೋಡಿದರೆ ಜಗಳದ ಅರ್ಧ ಭಾಗ ತಾನೇ ಅಡಗುತ್ತದೆ.

ಇದೆಲ್ಲ ದೂರದ ದೇಶಗಳ ವ್ಯವಹಾರ, ನಮಗೇನು ಎಂದು ಕೆಲವರಿಗೆ ಅನ್ನಿಸಿರಬಹುದು. ನಮ್ಮ ನಗರಗಳ ಯೋಜಿತ ಬಡಾವಣೆಗಳಿಗೂ ಆರೋಗ್ಯದ ಚಿಂತೆಯೇ ಮೂಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಇಕ್ಕಟ್ಟಾದ ಪೇಟೆಯ ಜನರಿಗೆ ಗಾಳಿ ಬೆಳಕು ದೊರೆಯಲೆಂದು ಮಲ್ಲೇಶ್ವರ ಬಸವನಗುಡಿಗಳನ್ನು ನಿರ್ಮಿಸಿದರು. ಮೈಸೂರಿನಲ್ಲಿ ೧೯೦೩ರಲ್ಲಿಯೂ ಬೆಂಗಳೂರಿನಲ್ಲಿ ೧೯೪೫ರಲ್ಲಿಯೂ ನಗರಾಭಿವೃದ್ಧಿಯ ಮಂಡಲಿಗಳು ಏರ್ಪಟ್ಟುವು. ಅಗಲವಾದ ರಸ್ತೆ, ಅಳತೆಯ ನಿವೇಶನ, ಸುತ್ತ ಬಿಟ್ಟ ಜಾಗ ಇವು ನಮಗೆ ಬಂದುದು ಹೀಗೆ. ಆದರೆ ಅದರ ಜೊತೆಯಲ್ಲಿಯೇ ನಮ್ಮಲ್ಲಿ ವಠಾರವೂ ಬಾಳಿತು. ನಡುವೆ ಅಂಗಳ, ಒಂದು ಬಾವಿ ಅಥವಾ ಒಂದು ನಲ್ಲಿ, ಸುತ್ತ ಆರೆಂಟು ಸಂಸಾರಗಳು. ಗುಮಾಸ್ತರು, ಉಪಾಧ್ಯಾಯರು, ಹೆಣ್ಣುಮಕ್ಕಳನ್ನು ಓದಿಸಬೇಕೆಂದು ಹಳ್ಳಿ ಬಿಟ್ಟು ಬಂದ ವಿಧವೆಯರು, ಇವರೆಲ್ಲ ನಗರದಲ್ಲಿ ಮೊದಲು ಕಾಲೂರಿದುದು ಅಲ್ಲಿಯೇ. ಅಲ್ಲಿ ಜಗಳವಿತ್ತು, ಇಕ್ಕಟ್ಟಿತ್ತು, ನಲ್ಲಿಯ ಮುಂದೆ ಸರತಿಯಿತ್ತು. ಹಾಗೆಯೇ ಕಡಿಮೆ ಬಾಡಿಗೆಯೂ ಇತ್ತು. ಅಮೆರಿಕದ ಸುಧಾರಕರು ಕಾಣೆಯಾಯಿತೆಂದು ಹುಡುಕುತ್ತಿರುವ ನಡುಬಗೆಯ ಮನೆಗಳಲ್ಲಿ, ಅಂಗಳದ ಸುತ್ತಣ ಚಿಕ್ಕ ಮನೆಗಳ ಗುಂಪು ನಮ್ಮ ವಠಾರದ ಜ್ಞಾತಿಯೇ ಸರಿ.

ನಮ್ಮ ತೊಂದರೆ ಇನ್ನೊಂದು ಬಗೆಯದು. ಅಲ್ಲಿ ನಿಬಂಧನೆಯನ್ನು ಅಕ್ಷರಶಃ ಪಾಲಿಸುವುದರಿಂದ ಮನೆ ದೊರೆಯದಾಯಿತು. ಇಲ್ಲಿ ನಿಬಂಧನೆ ಕಾಗದದ ಮೇಲೂ ಕಟ್ಟಡ ತನ್ನ ಮನಸ್ಸು ಬಂದಂತೆಯೂ ನಿಲ್ಲುತ್ತವೆ. ನೆರೆಯವರ ಕಿಟಕಿಗೆ ಗೋಡೆ ತಾಗುವಂತೆ ಕಟ್ಟಿ, ಆ ಮೇಲೆ ದಂಡ ತೆತ್ತು ಸಕ್ರಮ ಮಾಡಿಸಿಕೊಳ್ಳೋಣವೆಂದು ಕಾಯುವವರು ನಮ್ಮಲ್ಲಿ ಅನೇಕರು. ಕರ್ಣಾಟಕದ ಅಕ್ರಮ ಸಕ್ರಮ ಯೋಜನೆಗೆ ೨೦೧೬ರಲ್ಲಿ ಉಚ್ಚ ನ್ಯಾಯಾಲಯದ ಒಪ್ಪಿಗೆ ದೊರೆತು, ೨೦೧೭ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ತಡೆಯಾದುದನ್ನು ತಾವು ಬಲ್ಲಿರಿ. ಪಾಲಿಸಲು ಸಾಧ್ಯವಾದ ನಿಯಮವನ್ನು ಮಾಡಿ, ಮಾಡಿದ ನಿಯಮವನ್ನು ಪಾಲಿಸುವುದೇ ಇದಕ್ಕೆ ಮದ್ದು. ಮತ್ತೊಂದು ಮಾತನ್ನೂ ಸಂಕೋಚವಿಲ್ಲದೆ ಹೇಳಬೇಕು. ಅಮೆರಿಕದಲ್ಲಿ ನಕ್ಷೆಯು ಮಾಡಿದ ಕೆಲಸವನ್ನು ನಮ್ಮಲ್ಲಿ ಅನೇಕ ವೇಳೆ ಮನೆಯ ಯಜಮಾನನ ಬಾಯಿ ಮಾಡುತ್ತದೆ. ಬಾಡಿಗೆಗೆಂದು ಬಂದವನನ್ನು ಬಾಗಿಲಲ್ಲಿಯೇ ನಿಲ್ಲಿಸಿ, ತಾವು ಯಾವ ಜನ, ಏನು ಊಟ ಮಾಡುತ್ತೀರಿ ಎಂದು ಕೇಳುವ ಪ್ರಶ್ನೆಗೆ ಯಾವ ನಗರಸಭೆಯ ಮೊಹರೂ ಇಲ್ಲ. ಆದರೆ ಅದರಿಂದ ಮುಚ್ಚುವ ಬಾಗಿಲು ಅಷ್ಟೇ ಗಟ್ಟಿಯಾದುದು. ಮಿನಿಯಾಪೊಲಿಸಿನವರು ತಮ್ಮ ಹಳೆಯ ಕ್ರಯಪತ್ರಗಳನ್ನು ಬಿಚ್ಚಿ ಓದಿಕೊಂಡಂತೆ, ನಾವು ನಮ್ಮ ಬಾಗಿಲಿನ ಸಂಭಾಷಣೆಗಳನ್ನು ಒಮ್ಮೆ ನೆನೆದು ನೋಡಬಹುದು.

ನಗರವೆಂದರೆ ಕೆಲವರು ಮೊದಲು ಬಂದು ಸೇರಿದ ಊರು, ಮಿಕ್ಕವರು ಆಮೇಲೆ ಬಂದು ಸೇರುತ್ತಿರುವ ಊರು. ಮೊದಲು ಬಂದವರು ಗಾಳಿ ಬೆಳಕು ಮರಗಳನ್ನು ಕಾಪಾಡಿಕೊಳ್ಳಲು ನಿಯಮ ಮಾಡಬೇಕಾದುದು ನ್ಯಾಯವೇ. ಆದರೆ ಆ ನಿಯಮವು ತಡೆಯುತ್ತಿರುವುದು ಹೊಗೆಯನ್ನೋ ನೆರಳನ್ನೋ ಅಥವಾ ಮನುಷ್ಯನನ್ನೋ ಎಂಬ ಪ್ರಶ್ನೆಯನ್ನು ಆಗಾಗ ಕೇಳಿಕೊಳ್ಳುತ್ತಿರಬೇಕು. ೧೯೧೬ರಲ್ಲಿ ಬರೆದ ಗೆರೆಯೊಂದನ್ನು ಅಳಿಸುವ ನಿರ್ಣಯಕ್ಕೆ ಬರ್ಕ್‌ಲಿಯ ಜನರಿಗೆ ನೂರೈದು ವರ್ಷಗಳು ಹಿಡಿದುವು. ನಮ್ಮ ನಗರಗಳು ಬೆಳೆಯುತ್ತಿರುವ ವೇಗವನ್ನು ನೋಡಿದರೆ ಅಷ್ಟು ಕಾಲದ ಅವಕಾಶ ನಮಗಿರಲಾರದು. ತಮ್ಮ ಬೀದಿಯ ಮುಂದಿನ ನಕ್ಷೆ ಸಾರ್ವಜನಿಕರ ಆಕ್ಷೇಪಣೆಗಾಗಿ ಪ್ರಕಟವಾದಾಗ ಅದನ್ನು ತರಿಸಿ ಓದಿ, ಆಮೇಲೆ ಬರಲಿರುವ ಸಂಸಾರಗಳಿಗೆ ಅದರಲ್ಲಿ ಎಷ್ಟು ಎಡೆಯಿದೆಯೆಂದು ತಾವು ಪರಿಶೀಲಿಸಬೇಕೆಂದು ಬೇಡಿಕೊಂಡು, ಈ ನನ್ನ ಭಾಷಣವನ್ನು ಮುಗಿಸುತ್ತೇನೆ.